ಮುನಿಸಿಕೊಂಡ ಬೈಕು

ಮಗ ಮಾರುತೇಶನಿಗೆ ಹೆಣ್ಣು ನೋಡಲು ಅವನನ್ನೂ ಕರೆದುಕೊಂಡು ಹಿರಿಯೂರಿಗೆ ಬಂದ ತಿಪ್ಪೇಸ್ವಾಮಿಯವರು ಬರೀ ಕಾಫಿ ಕುಡಿದು ಎದ್ದರು. ಊಟ ಮಾಡಿದರೆ ಒಪ್ಪಿದಂತಾಗುತ್ತದೆ ಎಂಬ ಬಿಗುಮಾನ. ಅಂಗಳದಲ್ಲಿ ಬೈಕು ಹತ್ತಿ ಸೆಲ್ಫ್ ಒತ್ತಿದರು. ಸದ್ದೇ ಇಲ್ಲ. ಕಿಕ್ಕರ್ ಇಲ್ಲದ ಹೊಸ ಬೈಕು. ಒತ್ತಿ ಒತ್ತಿ ಹೆಬ್ಬೆರಳು ಸೋತಿತು.

“ಈ ಮನೆ ಬಾಗಿಲಲ್ಲೇ ಗಾಡಿ ನಿಂತಿತಲ್ಲ, ಅಪಶಕುನ. ಈ ಸಂಬಂಧ ಬೇಡ,” ಎಂದರು.

ಆ ಮಾತು ಹುಡುಗಿ ಚಂದ್ರಕಲಾಳ ಕಿವಿಗೆ ಬಿತ್ತು. ಹುಡುಗ ಅವಳಿಗೆ ಹಿಡಿಸಿದ್ದ. ಅವಳು ಬಂದು ಹಾರ್ನ್ ಒತ್ತಿದಳು, ಜೋರಾಗಿ ಕೂಗಿತು. ದೀಪವೂ ಉರಿಯಿತು. ಅಂದರೆ ಬ್ಯಾಟರಿ ಚೆನ್ನಾಗಿದೆ. ಹ್ಯಾಂಡಲ್ ನೋಡಿದರೆ, ಎಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ಚು ಆಫ್ ಆಗಿತ್ತು. ಹಾಗೆಂದು ಹೇಳಿದರೆ ಎಲ್ಲರೆದುರು ಹಿರಿಯರಿಗೆ ಮುಖಭಂಗ.

“ಗಾಡಿಗೆ ಏನೂ ಆಗಿಲ್ಲ ಯಜಮಾನ್ರೆ. ನೀವು ಉಣ್ಣದೆ ಹೊರಟಿರಿ ಅಂತ ಮುನಿಸಿಕೊಂಡಿದೆ. ಉಂಡು ಬಂದು ನೋಡಿ. ಆಗಲೂ ಏಳದಿದ್ದರೆ ಸಂಬಂಧ ಬೇಡ ಅನ್ನಿ,” ಎಂದಳು.

ಬೇರೆ ದಾರಿಯಿಲ್ಲದೆ ಅವರು ಊಟಕ್ಕೆ ಕೂತರು. ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡರು. ಅಷ್ಟರಲ್ಲಿ ಅವಳು ಸೀಟು ಒರೆಸುವ ನೆಪದಲ್ಲಿ ಸ್ವಿಚ್ಚು ಸರಿಮಾಡಿದಳು. ಊಟ ಮುಗಿಸಿ ಬಂದು ಒತ್ತಿದ ಕೂಡಲೇ ಬೈಕು ಗುಡುಗಿತು.

“ಗಾಡಿಯೇ ಒಪ್ಪಿದ ಮೇಲೆ ನನ್ನದೇನಿದೆ,” ಎಂದು ತಿಪ್ಪೇಸ್ವಾಮಿಯವರು ನಕ್ಕರು.

ಹಿಂದೆ ಕೂತ ಮಾರುತೇಶ ಅವಳ ಕಡೆ ಬಾಗಿ ಮೆಲ್ಲಗೆ ಹೇಳಿದ: “ಆ ಸ್ವಿಚ್ಚು ಆಫ್ ಮಾಡಿದ್ದು ನಾನೇ. ಇನ್ನೊಂದಿಷ್ಟು ಹೊತ್ತು ಇಲ್ಲೇ ಇರೋಣ ಅಂತ.”