ತಟ್ಟಬಾರದ ಗಡಿಗೆ

"ಸಂತೆ ಸುಂಕ ತೆಗೆದೆ, ಬಂಡಿದಾರಿ ಹಾಕಿಸಿದೆ. ಇಂಥ ಸುಧಾರಣೆ ಯಾವ ದೊರೆ ಮಾಡಿದ್ದಾನೆ, ಹೇಳಿ!" ಅಂತ ಕೊಂಡಗೆರೆಯ ದೊರೆ ರಂಗಪ್ಪನಾಯಕ ಮೀಸೆ ತಿರುವಿದ.

ಎಲ್ಲಾ ಸರಿಯೇ. ಸಂತೆಗೆ ಜನ ಮಾತ್ರ ಬರುತ್ತಿರಲಿಲ್ಲ.

ಬರೋದಾದರೂ ಹೇಗೆ? ಗಡಿಗೆ ಮಾರುವ ಹಕ್ಕೆಲ್ಲ ರಾಣಿಯ ತಮ್ಮ ಪುಟ್ಟರಂಗನದು. ಹಕ್ಕು ಅವನಿಗೆ ಹೇಗೆ ಸಿಕ್ಕಿತು ಅಂತ ದಾಸಿಯರನ್ನು ಕೇಳಿ. ರಾಣಿ ಊಟ ಬಿಟ್ಟು ಮುಸುಕು ಹಾಕಿ ಮಲಗಿದ್ದಳಂತೆ, ಪಾಪ! ಅವನ ಗಡಿಗೆಗೆ ದೊರೆಯ ಮುದ್ರೆ. ಮುದ್ರೆಯ ಗಡಿಗೆ ತಟ್ಟಿ ನೋಡಿದರೆ ದೊರೆಯನ್ನೇ ಅನುಮಾನಿಸಿದ ಹಾಗೆ ಅಂತ ಕಾನೂನು. ಎಣ್ಣೆಯವನೂ ಬೆಲ್ಲದವನೂ ಪುಟ್ಟರಂಗನ ಕೈ ಬೆಚ್ಚಗೆ ಮಾಡಿ ತಮ್ಮ ಸರಕಿಗೂ ಮುದ್ರೆ ಒತ್ತಿಸಿಕೊಂಡರು. ಮೂಸುವ ಹಾಗಿಲ್ಲ, ರುಚಿ ನೋಡುವ ಹಾಗಿಲ್ಲ. ಜನ ಪಕ್ಕದ ಸೀಮೆಯ ಸಂತೆಗೆ ನಡೆದರು.

ಮಜ್ಜಿಗೆ ಮಾರುವ ನಿಂಗಾಜಮ್ಮ ಒಂದು ಗಡಿಗೆ ತಟ್ಟಿ, "ಇದು ಸೀಳು ಕಣಪ್ಪ" ಅಂದಳು. ಅಷ್ಟಕ್ಕೇ ಸೆರೆ. ನಾಳೆ ಬೆರಳು ಕತ್ತರಿಸುವುದಂತೆ.

"ಹಂಪರಸ, ಸಂತೆ ಯಾಕೆ ಖಾಲಿ? ನಾಳೆಯೊಳಗೆ ತಿಳಿಸು," ಅಂದ ದೊರೆ. "ನನ್ನ ಕಾನೂನಿನ ಬಗ್ಗೆ ಮಾತ್ರ ಬಾಯಿ ಬಿಡಕೂಡದು!"

ಆಸ್ಥಾನದ ಜಾಣ ಹಂಪರಸ ನಿಂಗಾಜಮ್ಮನ ಮಜ್ಜಿಗೆ ಕುಡಿದು ಬೆಳೆದವನು. ಆದರೂ ಕೈ ಮುಗಿದ. "ಬಾಯೇ ಬಿಡಲ್ಲ ಪ್ರಭು. ನಾಳೆ ತಾವು ನೆಮ್ಮದಿಯಾಗಿ ಎಣ್ಣೆನೀರು ಹಾಕಿಕೊಳ್ಳಿ."

ಬೆಳಗಾಗುವಷ್ಟರಲ್ಲಿ ಬಚ್ಚಲುಮನೆಯ ಹಂಡೆಗಳೆಲ್ಲ ಮಾಯ. ಅಲ್ಲಿ ಪುಟ್ಟರಂಗನ ಗಡಿಗೆಗಳ ಸಾಲು.

ದೊರೆಯ ತಲೆ ತುಂಬ ಎಣ್ಣೆ, ಕಣ್ಣು ತುಂಬ ಸೀಗೆಪುಡಿ. "ನೀರು ಹುಯ್ಯೋ!"

ಆಳು ಗಡಿಗೆ ಎತ್ತಿದ. ತೊಟ್ಟೂ ಇಲ್ಲ. "ಬಚ್ಚಲಿಗೆ ಹರಿದುಹೋಯ್ತು, ಬುದ್ಧೀ."

"ಗಡಿಗೆ ಸೋರುತ್ತೇನೋ?"

"ಅಯ್ಯಯ್ಯೋ, ನಾನು ಹಾಗಂದೆನೇ? ತಮ್ಮ ಮುದ್ರೆ ಇದೆ!"

ಇನ್ನೊಂದೂ ಖಾಲಿ. ಉರಿ ತಾಳಲಾರದೆ ದೊರೆ ತಡಕಾಡಿ ಮತ್ತೊಂದು ಗಡಿಗೆಯನ್ನು ಗೆಣ್ಣಿನಿಂದ ತಟ್ಟಿದ. ಲೊಟ್ ಅಂತು.

"ಇದೂ ಸೀಳು!"

ಬಾಗಿಲಾಚೆ ಹಂಪರಸ ಕಿರುಚಿದ, "ಕಾವಲಿನವರೇ, ಓಡಿ ಬನ್ನಿ! ಯಾರೋ ಗಡಿಗೆ ತಟ್ಟಿದರು!"

"ನಾನು ಕಣೋ! ತಟ್ಟದೆ ಹೇಗೋ ಗೊತ್ತಾಗೋದು?"

"ನಿಂಗಾಜಮ್ಮನೂ ಅದಕ್ಕೇ ತಟ್ಟಿದ್ದು, ಪ್ರಭು. ಅವಳ ಬೆರಳು ಇವತ್ತು ಹೋಗುತ್ತೆ. ತಮ್ಮದು ಈಗಲೋ, ಸ್ನಾನ ಆದ ಮೇಲೋ?"

ದೊರೆ ತಟ್ಟಿದ ಬೆರಳನ್ನು ಸವರಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೊದಲು ನೀರು ತಾರೋ! ಕಾನೂನೂ ಬಚ್ಚಲಿಗೇ ಹೋಗಲಿ!"

ನಿಂಗಾಜಮ್ಮ ಹತ್ತು ಬೆರಳನ್ನೂ ಜೋಪಾನವಾಗಿ ಇಟ್ಟುಕೊಂಡು ಮನೆಗೆ ಬಂದಳು. ಪುಟ್ಟರಂಗ ಅಕ್ಕನ ಸೆರಗಿನ ಹಿಂದೆ ಅಡಗಿದ.

ತುಂಬಿದ ಸಭೆಯಲ್ಲಿ ದೊರೆ ಹಂಪರಸನಿಗೆ ಮುದ್ರೆ ಒತ್ತಿದ ಚಿನ್ನದ ಗಡಿಗೆ ಕೊಟ್ಟ. ಅವನು ಕಣ್ಣಿಗೊತ್ತಿಕೊಂಡು, ಕಿವಿಗೆ ಹಿಡಿದು, ಠಣ್ ಅಂತ ತಟ್ಟಿದ.

ದೊರೆ ಹುಬ್ಬು ಗಂಟಿಕ್ಕಿದ. "ಏನೋ, ಇನ್ನೂ ಅನುಮಾನವೇ?"

"ಅಲ್ಲ ಪ್ರಭು," ಅಂದ ಹಂಪರಸ. "ತಟ್ಟೋ ಸದ್ದು ಕೇಳಿಸಿತಲ್ಲ, ಸಂತೆ ಶುರುವಾಯಿತು."