ಹಾಲಿಗೆ ಬೆರೆತ ಹೊಂಡದ ನೀರು

"ಕೇಳ್ರಪ್ಪೋ ಕೇಳಿ! ಅರಮನೆಯ ವೀಳ್ಯದೆಲೆ ತೋಟ ಕೊಳೆತು ಹೋಗಿದೆ. ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡುತ್ತೇವೆ, ತಪ್ಪಿದವರಿಗೆ ಶೂಲ!"

ಡಂಗುರ ಕಿವಿಗೆ ಬಿದ್ದದ್ದೇ ತಡ, ಹಾಲು ಮಾರುವ ಚಿತ್ತಯ್ಯ ಹೆಗಲು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳನ ಬುದ್ಧಿ ಅಷ್ಟೇ ತಾನೆ? ತೋಟ ಹಾಳುಮಾಡಿದ ಅಂತ ಸೆರೆ ಸೇರಿದವನು ತೋಟಗಾರ ಕೆಂಚಜ್ಜ, ಅಮಾವಾಸ್ಯೆಗೆ ಅವನಿಗೂ ಶೂಲ. ಆದರೆ ನೆರೆಸೀಮೆಯ ಕೊಳೆತ ತೋಟದ ಹೊಂಡದಿಂದ ಗಡಿಗೆಗೆ ನೀರು ತುಂಬಿಕೊಂಡು, ಹಾಲಿಗೆ ಬೆರೆಸಿ, ಉಳಿದದ್ದನ್ನು ಅರಮನೆ ಕಾಲುವೆಗೆ ಚೆಲ್ಲಿದವನು ಈ ಚಿತ್ತಯ್ಯ. ಅವನು ನೇರ ಆಸ್ಥಾನಕ್ಕೆ ಹೋದ.

"ಕಣ್ಣಿಗೆ ಕಾಣದು, ಕೂತಲ್ಲೇ ತೂತು. ಏನದು?" ಎಂದಳು ರಾಜಕುಮಾರಿ. ದಳವಾಯಿಯ ಮಗ "ಮಿಡತೆ" ಅಂದ. ಸೆರೆಗೆ ಎಳೆದರು.

"ನೀರಲ್ಲಿರುವ ಕೊಳೆಯ ಬೀಜ, ತಾಯಿ," ಎಂದ ಚಿತ್ತಯ್ಯ. "ಒಂದು ಬೀಜಕ್ಕೆ ಎಲೆಯ ಮೇಲೆ ಒಂದು ತೂತು."

"ಸರಿ, ಎರಡನೆಯದು. ಈ ಕಾಲುವೆ ನೀರನ್ನು ಎಲೆಗೆ ಸವರಿದರೆ ತೂತುಗಳು ಒಂದಕ್ಕೊಂದು ಕೂಡಿ ಎಲೆಯೇ ಇಲ್ಲವಾಗುತ್ತದೆ. ಆಗ ಬೀಜ ಎಣಿಸುವುದು ಹೇಗೆ?"

"ತೆಳು ಮಾಡಬೇಕು. ಹಾಲಳೆಯೋ ಮಿಳ್ಳೆಯಲ್ಲಿ, ಒಂದು ಮಿಳ್ಳೆ ಕಾಲುವೆ ನೀರಿಗೆ ಒಂಬತ್ತು ಮಿಳ್ಳೆ ಶುದ್ಧ ನೀರು. ಅದರಿಂದ ಮತ್ತೆ ಒಂದು ಮಿಳ್ಳೆ ತೆಗೆದು ಇನ್ನೊಂಬತ್ತಕ್ಕೆ. ತೂತು ಬಿಡಿಬಿಡಿಯಾಗಿ ಕಾಣೋ ತನಕ."

"ಇನ್ನು ಮೂರನೆಯದು. ಮೂರು ಸಲ ತೆಳು ಮಾಡಿ ಒಂದು ಮಿಳ್ಳೆ ಸವರಿದೆ. ತೂತು ನಲವತ್ತೆರಡು. ಕಾಲುವೆಯ ಒಂದು ಮಿಳ್ಳೆಯಲ್ಲಿ ಬೀಜ ಎಷ್ಟು?"

ಮಂತ್ರಿಯ ಮಗ ತಡೆಯಲಾರದೆ ಎದ್ದ. "ಹತ್ತು, ಹತ್ತು, ಹತ್ತು ಕೂಡಿದರೆ ಮೂವತ್ತು. ನಲವತ್ತೆರಡರ ಮೂವತ್ತು ಪಟ್ಟು!" ಅವನನ್ನೂ ಎಳೆದರು.

"ಕೂಡಬಾರದು, ಗುಣಿಸಬೇಕು," ಎಂದ ಚಿತ್ತಯ್ಯ. "ಸಲಕ್ಕೆ ಹತ್ತು ಪಟ್ಟು, ಮೂರು ಸಲಕ್ಕೆ ಸಾವಿರ ಪಟ್ಟು. ನಲವತ್ತೆರಡು ಸಾವಿರ."

"ಸರಿ. ಯಾರು ಕಲಿಸಿದರು ನಿನಗೆ?"

"ನನ್ನ ಕಳ್ಳತನ, ತಾಯಿ. ಹಾಲಿಗೆ ನೀರು, ಅದಕ್ಕೆ ಮತ್ತೆ ನೀರು ಹಾಕೋನಿಗೆ ಒಳಗೆ ಹಾಲೆಷ್ಟು ಉಳೀತು ಅಂತ ಗೊತ್ತಿರಬೇಕು. ಈ ಕೊಳೆ ತಂದದ್ದೂ ನನ್ನ ಗಡಿಗೆಯೇ. ಸೆರೆಯಲ್ಲಿರೋರನ್ನೆಲ್ಲ ಬಿಡಿ, ಇದೇ ನಾನು ಕೇಳೋದು."

ಕೊಟ್ಟ ಮಾತಿನಂತೆ ಸೆರೆಯ ಬಾಗಿಲು ತೆಗೆಸಿದ ರಾಜ, ಚಿತ್ತಯ್ಯನತ್ತ ತಿರುಗಿ ಕತ್ತಿಗೆ ಕೈ ಹಾಕಿದ. ಆಗಷ್ಟೇ ಬೇಡಿ ಕಳಚಿದ ಕೆಂಚಜ್ಜ ಕುಂಟುತ್ತ ಬಂದು, "ಬುದ್ಧೀ, ಅವನ ತಲೆ ತೆಗೆದರೆ ತೋಟ ಚಿಗುರುತ್ತಾ? ಹೊಸ ಬಳ್ಳಿ ನೆಡೋಕೆ ನನಗೊಬ್ಬ ಆಳು ಬೇಕು," ಎಂದ.

ಹಾಗೆ ಚಿತ್ತಯ್ಯನಿಗೆ ಜೀವವೂ ಸಿಕ್ಕಿತು, ಅರಮನೆಯ ಕೆಲಸವೂ ಸಿಕ್ಕಿತು. ಬಳ್ಳಿ ಮತ್ತೆ ಹಬ್ಬಿತು, ಊರಿನ ಬಾಯಿ ಮತ್ತೆ ಕೆಂಪಾಯಿತು. ಅವನು ದಿನಾ ಬೆಳಿಗ್ಗೆ ಅಜ್ಜನಿಗೆ ನೀರು ಸೋಕದ ಹಾಲು ತಂದುಕೊಡುತ್ತಿದ್ದ. ಅಜ್ಜ ಕುಡಿದು, ಬಾಯಿ ಒರೆಸಿಕೊಂಡು, "ಗಟ್ಟಿ ಐತೆ ಕಣೋ ಮಗ," ಅನ್ನುತ್ತಿದ್ದ. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚಿತ್ತಯ್ಯನಿಗೆ ನಿದ್ದೆಯಾದರೂ ಬರುತ್ತಿತ್ತು.