ಕಾಲು ಕೈಕೊಟ್ಟ ಕತೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ, ಒಂದು ಕಾಲೇಜು, ಒಂದು ಹಿಟ್ಟಿನ ಗಿರಣಿ ಇದ್ದವು. ಊರಿನ ಹೆಸರು ಅಡ್ಡಾದಿಡ್ಡೂರು. ರಾಜನ ಹೆಸರು ಗುಮಾನಿರಾಯ. ಅವನಿಗೆ ಎಲ್ಲದರ ಮೇಲೂ ಗುಮಾನಿ. ಬೆಳಿಗ್ಗೆ ಸೂರ್ಯ ಹುಟ್ಟಿದರೆ, "ನಿನ್ನೆ ಬಂದವನೇ ಇವನು ಅಂತ ಏನು ಗ್ಯಾರಂಟಿ?" ಎನ್ನುತ್ತಿದ್ದ. ಇಡ್ಲಿ ಬಡಿಸಿದರೆ ತಿರುವಿ ಹಾಕಿ ಅದರ ಬೆನ್ನು ನೋಡುತ್ತಿದ್ದ.

ಕಾಲೇಜಿನವರು ಕಾಲ್ಚೆಂಡು ಆಡುತ್ತಿದ್ದರು. ಆ ಸೀಮೆಯ ಕಾಲ್ಚೆಂಡಿಗೆ ಒಂದೇ ನಿಯಮ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರಾಳಿಗಳ ಬೇವಿನ ಮರ ಮುಟ್ಟಬೇಕು. ಕಾಲ್ಚೆಂಡು ಅಂದಮೇಲೆ ಕಂಕುಳು ಯಾಕೆ ಬಂತು ಎಂದು ಕೇಳಿದವರನ್ನು ಊರು ಬೇಹುಗಾರರೆಂದು ತಿಳಿಯುತ್ತಿತ್ತು.

ಓಡುವುದರಲ್ಲಿ ಚೆಲುವಾಜಿಯ ಮುಂದೆ ಯಾರೂ ಇಲ್ಲ. ಅವಳು ಓಡಿದರೆ ನೆರಳು ಏದುಸಿರು ಬಿಡುತ್ತ ಆಮೇಲೆ ಬಂದು ಸೇರುತ್ತಿತ್ತು. ಅವಳ ಅಜ್ಜಿ ಚೂಡಾಮಣಿಯಮ್ಮನವರು. ಊರಿಗೆಲ್ಲ ಬಿ.ಎ. ಪಾಸಾದವರು ಅವರೊಬ್ಬರೇ. ಅವರು ಬೀದಿಯಲ್ಲಿ ಬಂದರೆ ಎಮ್ಮೆಗಳೂ ವ್ಯಾಕರಣಬದ್ಧವಾಗಿ ಕೂಗುತ್ತಿದ್ದವು.

ಹೀಗಿರುವಾಗ ಪಕ್ಕದೂರಿನ ಕಾಲೇಜಿನ ಜೊತೆ ಪಂದ್ಯ ಬಿತ್ತು. ಚೆಲುವಾಜಿ ಚೆಂಡು ಹಿಡಿದು ಹೊರಟಳು. ಬೇವಿನ ಮರ ಇನ್ನೇನು ಸಿಕ್ಕಿತು ಅನ್ನುವಾಗ ಗಕ್ಕನೆ ಎಡಕ್ಕೆ ತಿರುಗಿ ಬೇಲಿಯ ಆಚೆ ಹೋಗಿಬಿಟ್ಟಳು. ಊರು ಕಾದಿತು. ಪಕ್ಕದೂರಿನವರೂ ಮರ್ಯಾದೆಗೆ ಸ್ವಲ್ಪ ಹೊತ್ತು ಕಾದರು. ಅವಳು ಮೊಣಕೈವರೆಗೆ ಕೆಸರು ಮಾಡಿಕೊಂಡು ವಾಪಸ್ ಬರುವಷ್ಟರಲ್ಲಿ ಪಂದ್ಯ ಮುಗಿದು, ಗೆದ್ದವರು ಊಟಕ್ಕೆ ಕೂತಿದ್ದರು.

"ಯಾಕೇ ಹೋದೆ?" ಎಂದರು ಅಜ್ಜಿ.

"ಹೇಳೋ ಹಾಗಿಲ್ಲ ಅಜ್ಜಿ. ಮಾತು ಕೊಟ್ಟುಬಿಟ್ಟಿದ್ದೀನಿ."

"ನನಗೊಂದು ಮಾತು ಹೇಳೋಕ್ಕೇನು?"

"ಕೊಟ್ಟಮೇಲೆ ಅದು ನನ್ನ ಹತ್ತಿರ ಎಲ್ಲಿರುತ್ತೆ?"

ಚೂಡಾಮಣಿಯಮ್ಮನವರು ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಮ್ಮ ಮನೆಯವರ ಮೇಲೆ ಅವರು ಅದುವರೆಗೆ ಅನುಮಾನ ಪಟ್ಟವರಲ್ಲ. ಆವತ್ತು ಸ್ವಲ್ಪ ಪಟ್ಟರು.

ಮಾರನೆಯ ದಿನ ಗಿರಣಿಯಲ್ಲಿ ಊರೇ ಸೇರಿತ್ತು. ಎಲ್ಲರ ತಲೆಯ ಮೇಲೂ ಹಿಟ್ಟು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಮ್ಮ ಓಟ ಯಾಕೆ ಕೆಟ್ಟಿತು?

"ಮೈದಾನವನ್ನೇ ವಾಲಿಸಿದ್ದಾರೆ ಕಣ್ರೀ," ಎಂದ ಕ್ಷೌರದ ಅಂಗಡಿಯ ತಮ್ಮಣ್ಣ. "ಆ ಕಡೆ ಹೋದರೂ ಏರು, ಈ ಕಡೆ ಬಂದರೂ ಏರು."

"ಅದಲ್ಲ," ಎಂದಳು ಬಳೆಗಾರ್ತಿ ಸಾಕವ್ವ. "ಕಾಲ್ಚೆಂಡು ಅಂದರೆ ಕಾಲು ಭಾಗ ಚೆಂಡು. ಮಿಕ್ಕ ಮುಕ್ಕಾಲು ಯಾರ ಮನೇಲಿದೆ? ಅದನ್ನ ಮೊದಲು ಹುಡುಕಿ."

"ಆಡೋರು ಹನ್ನೊಂದು ಜನ, ಇಪ್ಪತ್ತೆರಡು ಕಾಲು. ಇಪ್ಪತ್ತೆರಡು ಕಾಲು ಕೂಡಿಸಿದರೆ ಐದೂವರೆ," ಎಂದ ತಮ್ಮಣ್ಣ. "ಐದೂವರೆ ಜನ ಎಷ್ಟು ಅಂತ ಓಡ್ತಾರೆ, ಪಾಪ."

ಗಿರಣಿ ಯಜಮಾನ ಮುದ್ದಯ್ಯನಿಗೆ ರೇಗಿತು. "ಅಷ್ಟೆಲ್ಲ ಏನೂ ಇಲ್ರಯ್ಯ. ಚೆಲುವಾಜಿಯ ಕಾಲು ಕೈಕೊಟ್ಟಿತು. ಅಷ್ಟೆ."

ಗಿರಣಿ ತಾನಾಗಿ ನಿಂತುಹೋಯಿತು.

"ಏನಂದೆ? ಕಾಲು ಕೈಕೊಟ್ಟಿತಾ?"

"ಹೂಂ."

"ಕಾಲಿಗೆ ಕೈ ಎಲ್ಲಿಂದ ಬಂತು?"

ಎಲ್ಲರೂ ಮೆಲ್ಲಗೆ ತಂತಮ್ಮ ಕೈ ನೋಡಿಕೊಂಡರು. ಆಮೇಲೆ ಪಕ್ಕದವರ ಕೈ ನೋಡಿದರು.

ಸುದ್ದಿ ಅರಮನೆಗೆ ಹೋಯಿತು. ಗುಮಾನಿರಾಯ ಸಿಂಹಾಸನದಿಂದ ಎದ್ದು, ಸಿಂಹಾಸನದ ಕೆಳಗೆ ಯಾರೂ ಇಲ್ಲವೆಂದು ನೋಡಿ, ಮತ್ತೆ ಕೂತು ತೀರ್ಪು ಕೊಟ್ಟ: "ತಪ್ಪು ಕಾಲಿನದು. ಹುಡುಗಿ ನಿರಪರಾಧಿ. ಕಾಲನ್ನು ಸೆರೆಗೆ ಹಾಕಿ, ಹುಡುಗಿಯನ್ನು ಮನೆಗೆ ಕಳಿಸಿ."

ಹೇಗೆ ಕಳಿಸುವುದು? ಸೆರೆಮನೆಯ ಕಿಂಡಿಯಲ್ಲಿ ಬಲಗಾಲನ್ನು ಒಳಗೆ ತೂರಿಸಿದರು. ಉಳಿದ ಚೆಲುವಾಜಿ ಬೀದಿಯಲ್ಲಿ, ಗೋಡೆಗೆ ಒರಗಿ, ಸ್ವತಂತ್ರಳಾಗಿ ನಿಂತಳು.

"ಶುಕ್ರವಾರ ಮತ್ತೆ ಪಂದ್ಯ ಇದೆ," ಎಂದ ರಾಜ. "ಅಷ್ಟರಲ್ಲಿ ಆ ಕೈ ಸಿಕ್ಕರೆ ಕಾಲಿಗೆ ಬಿಡುಗಡೆ. ಸಿಗದಿದ್ದರೆ ಕಾಲು ಇರುವವರೆಗೂ ಇಲ್ಲೇ. ಚೂಡಾಮಣಿಯಮ್ಮ, ಬಿ.ಎ. ಓದಿದವರು ನೀವು. ಊರವರ ಕೈ ಎಣಿಸಿ."

ಚೂಡಾಮಣಿಯಮ್ಮನವರು ಸೀರೆಯ ಸೆರಗು ಸಿಕ್ಕಿಸಿ ಹೊರಟರು. ಮನೆ ಮನೆಗೆ ಹೋದರು. ತಮ್ಮಣ್ಣನಿಗೆ ಎರಡು. ಸಾಕವ್ವನಿಗೆ ಎರಡು. ಮುದ್ದಯ್ಯನ ಕೈಗೆ ಹಿಟ್ಟು ಮೆತ್ತಿತ್ತು, ತೊಳೆಸಿ ನೋಡಿದರು, ಎರಡು. ಕೂಸುಗಳಿಗೂ ಎರಡು, ಸ್ವಲ್ಪ ಚಿಕ್ಕವು.

"ಎಲ್ಲರಿಗೂ ಎರಡೇ, ಮಹಾಸ್ವಾಮಿ."

ರಾಜ ಕಣ್ಣು ಕಿರಿದು ಮಾಡಿದ. "ಎಲ್ಲರಿಗೂ ಎರಡೇ? ಮಾತಾಡಿಕೊಂಡು ಬಂದಿದ್ದಾರೆ. ಇನ್ನೊಮ್ಮೆ ಎಣಿಸಿ."

ಅಲ್ಲಿಂದ ಊರು ಕೆಟ್ಟಿತು. ಯಾರೂ ಯಾರಿಗೂ ಕೈ ಕೊಡಲೊಲ್ಲರು. ಸಾಕವ್ವನ ಮುಂದೆ ಕೈ ಚಾಚುವವರಿಲ್ಲದೆ ಬಳೆಗಳು ತಾವೇ ಒಂದರೊಳಗೊಂದು ತೂರಿ ಕುಳಿತವು. ಬಾವಿಕಟ್ಟೆಯಲ್ಲಿ "ಒಂದು ಕೈ ಕೊಡವ್ವ" ಅಂದರೆ ಸಾಕು, ಹೆಂಗಸರು ಕೊಡ ಅಲ್ಲೇ ಬಿಟ್ಟು ಓಡುತ್ತಿದ್ದರು. ಗಿರಣಿಯಲ್ಲಿ ಮೂಟೆ ಎತ್ತಿ ಹೊರಿಸುವವರಿಲ್ಲ. ರಾಗಿ ತಂದವರು ಮೂಟೆಯ ಕೆಳಗೆ ತೂರಿ, ಅದರ ಸಮೇತ ಎದ್ದು ನಿಲ್ಲಬೇಕು. ಕೆಲವರು ಎದ್ದರು. ಕೆಲವರು ಇನ್ನೂ ಕೆಳಗೇ ಇದ್ದರು.

ಗುರುವಾರ ಚೂಡಾಮಣಿಯಮ್ಮನವರು ಹರಳೆಣ್ಣೆ ಹಿಡಿದು ಸೆರೆಮನೆಗೆ ಹೋದರು. ಒಳಗೆ ಕಾಲು ಗೋಡೆಯಿಂದ ಒಂಟಿಯಾಗಿ ಚಾಚಿಕೊಂಡಿತ್ತು. ಪಾದ ಊದಿತ್ತು. ಎಣ್ಣೆ ತಿಕ್ಕುತ್ತ ಕೂತರು. ಆ ಪಾದಕ್ಕೆ ಮೊದಲ ಗೆಜ್ಜೆ ಕಟ್ಟಿದವರು ಅವರೇ. ತಟ್ಟನೆ ಅವರಿಗೊಂದು ಯೋಚನೆ ಬಂತು.

"ಚೆಲುವಾಜಿ ಮಾತು ಕೊಟ್ಟಿದ್ದಾಳೆ, ಸರಿ. ನೀನೂ ಕೊಟ್ಟಿದ್ದೀಯೇನು?"

"ಇಲ್ಲಮ್ಮಾವ್ರೇ," ಎಂದಿತು ಕಾಲು. "ನನಗೆ ಬಾಯಿಲ್ಲ. ಮಾತು ಹೆಂಗೆ ಕೊಡಲಿ?"

"ಮತ್ತೆ ಈಗ ಹೇಗೆ ಮಾತಾಡ್ತಿದ್ದೀಯ?"

"ಅದನ್ನ ಕೇಳಬೇಡಿ. ಯೋಚನೆ ಮಾಡಿದರೆ ನಿಂತುಹೋಗುತ್ತೆ."

ಬಿ.ಎ. ಓದಿದವರಿಗೆ ಪ್ರಶ್ನೆ ನುಂಗುವುದು ಕಷ್ಟ. ಆದರೂ ನುಂಗಿದರು. "ಬೇಲಿ ಆಚೆ ಏನಾಯಿತು ಹೇಳು."

"ಅಲ್ಲಿ ಮಹಾರಾಜರು ಅಡಗಿ ಕೂತು ಆಟ ನೋಡ್ತಿದ್ದರು. ಎದುರಿಗೆ ಕೂತರೆ ಆಟವೇ ತಮ್ಮನ್ನ ನೋಡುತ್ತೆ ಅಂತ ಅವರಿಗೆ ಗುಮಾನಿ. ಕೆಸರಲ್ಲಿ ಸೊಂಟದ ತನಕ ಹೂತುಹೋಗಿದ್ದರು. 'ಯಾರಾದರೂ ಒಂದು ಕೈ ಕೊಡಿ' ಅಂದರು. ನಾನು ಹೋದೆ, ಹುಡುಗಿ ಕೈ ಕೊಟ್ಟಳು. ಮೇಲೆ ಬಂದವರು, 'ನಾನು ಬಿದ್ದದ್ದು ಯಾರಿಗೂ ಹೇಳಕೂಡದು, ಮಾತು ಕೊಡು' ಅಂದರು. ಹುಡುಗಿ ಅದನ್ನೂ ಕೊಟ್ಟಳು. ಕೊಡೋದರಲ್ಲಿ ಅವಳು ನಿಮ್ಮ ಹಾಗಲ್ಲ ಅಮ್ಮಾವ್ರೇ, ಧಾರಾಳಿ."

ಚೂಡಾಮಣಿಯಮ್ಮನವರು ಕೊನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಮೊಮ್ಮಗಳ ಮೇಲೆ ಪಟ್ಟ ಅನುಮಾನವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ರಾಜನಿಗೆ ನೇರವಾಗಿ ಹೇಳಿದರೆ ಮಾತು ಮುರಿದ ತಪ್ಪಿಗೆ ಚೆಲುವಾಜಿಯ ಬಾಯಿಯನ್ನೂ ಕಿಂಡಿಗೆ ತೂರಿಸುತ್ತಾನೆ. ಶುಕ್ರವಾರ ಬೆಳಿಗ್ಗೆ ಆಸ್ಥಾನದಲ್ಲಿ ಕೈಮುಗಿದು ನಿಂತರು.

"ಎಲ್ಲರದೂ ಎಣಿಸಿದೆ, ಮಹಾಸ್ವಾಮಿ. ಒಬ್ಬರದು ಬಿಟ್ಟು."

"ಯಾರವನು? ಯಾಕೆ ಬಿಟ್ಟಿರಿ?"

"ಅವರು ಎಲ್ಲರನ್ನೂ ಅನುಮಾನಿಸಿದರು. ಅವರನ್ನು ಅನುಮಾನಿಸೋಕೆ ಯಾರೂ ಉಳಿಯಲಿಲ್ಲ."

ರಾಜ ತನ್ನ ಕಡೆಗೇ ಬೆರಳು ತೋರಿಸಿಕೊಂಡ. ಅವನ ಮುಖ ಅರಳಿತು. ತನ್ನನ್ನು ತಾನು ಅನುಮಾನಿಸುವ ಸುಖ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ.

"ಇಗೋ, ನಾನೇ ಎಣಿಸುತ್ತೇನೆ. ಇದು ಎಡಗೈ, ಒಂದು. ಇದು ಬಲಗೈ, ಎರಡು."

"ಸರಿ ಮಹಾಸ್ವಾಮಿ. ಎಣಿಸಿದ್ದು?"

"ಏನು?"

"ಇವೆರಡನ್ನೂ ಎಣಿಸಿದ ಕೈ?"

ರಾಜ ಬೆಳ್ಳಗಾದ. "ಮೂರು," ಎಂದ ಪಿಸುಮಾತಿನಲ್ಲಿ.

ರಾಜನಿಗೆ ಬೇಲಿ ನೆನಪಾಯಿತು, ಕೆಸರು ನೆನಪಾಯಿತು. "ಕೊಟ್ಟಳು ಕಣ್ರೀ ಆ ಹುಡುಗಿ. ನಾನು ಇಸಿದುಕೊಂಡೆ. ವಾಪಸ್ ಕೊಡಲೇ ಇಲ್ಲ. ನಾನು ಇಂಥವನು ಅಂತ ನನಗೆ ಮೊದಲಿಂದಲೂ ಗುಮಾನಿ ಇತ್ತು."

ಎಲ್ಲರೂ ಸೆರೆಮನೆಯ ಗೋಡೆಗೆ ಓಡಿದರು. ಊದಿದ ಕಾಲು ಕಿಂಡಿಯಿಂದ ಬರಲೊಲ್ಲದು. ರಾಜ ಅಂಗಿಯ ತೋಳು ಮಡಿಸಿ, "ತಗೋ ಮಗಳೇ, ನಿನ್ನ ಕೈ," ಎಂದು ಚೆಲುವಾಜಿಗೆ ಕೈ ಕೊಟ್ಟು ಜಗ್ಗಿದ. ಹರಳೆಣ್ಣೆಯ ಕಾಲು ಸುಳುಕ್ಕೆಂದು ಹೊರಗೆ ಬಂತು. ಬಂದ ರಭಸಕ್ಕೆ ನಿಲ್ಲದೆ ನೇರ ಮೈದಾನಕ್ಕೆ ಓಡಿತು. ಚೆಲುವಾಜಿ ಅದರ ಜೊತೆಗೇ ಇದ್ದಳು. ದಾರಿಯಲ್ಲಿ ಯಾರೋ ಕಂಕುಳಿಗೆ ಚೆಂಡು ತುರುಕಿದರು. ಅಡ್ಡ ಬಂದ ಪಕ್ಕದೂರಿನವರ ಕೈಗೆ ಎಣ್ಣೆಗಾಲು ಸಿಗಲಿಲ್ಲ. ಅವಳು ಬೇವಿನ ಮರ ಮುಟ್ಟಿದಾಗ ಪಂದ್ಯ ಇನ್ನೂ ಶುರುವಾಗಿರಲಿಲ್ಲ. ಆದರೂ ಗೆದ್ದರು.

ಸಂಜೆ ಗಿರಣಿಯಲ್ಲಿ ಊರೇ ಸೇರಿತ್ತು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಗೆದ್ದದ್ದು ಹೇಗೆ? ಅಜ್ಜಿ, ಮೊಮ್ಮಗಳು ಒಂದು ಮೂಲೆಯಲ್ಲಿ ನಿಂತು ಕೇಳುತ್ತಿದ್ದರು.

"ಅಷ್ಟೆಲ್ಲ ಏನೂ ಇಲ್ರಯ್ಯ," ಎಂದ ಮುದ್ದಯ್ಯ. ಚೂಡಾಮಣಿಯಮ್ಮನವರು ಹಿಡಿ ಹಿಟ್ಟು ಎತ್ತಿಕೊಂಡು ಅವನ ಬಾಯಿಯ ಕಡೆ ನುಗ್ಗಿದರು. ತಡವಾಯಿತು. "ಚೆಲುವಾಜಿಯ ಕಾಲು ಈ ಸಲ ಕೈಹಿಡಿಯಿತು."

ಗಿರಣಿ ತಾನಾಗಿ ನಿಂತುಹೋಯಿತು.

"ಏನು, ಕೈಹಿಡಿಯಿತಾ?" ಎಂದಳು ಸಾಕವ್ವ. "ಯಾವಾಗ ಮದುವೆ ಆಯಿತು? ಬಳೆ ತೊಡಿಸೋಕೆ ನನ್ನ ಕರೆಯಲೇ ಇಲ್ಲ."

"ನನ್ನನ್ನೂ ಕರೆಯಲಿಲ್ಲ," ಎಂದಿತು ಬಾಗಿಲ ಹಿಂದಿನಿಂದ ಒಂದು ಧ್ವನಿ. ಅಲ್ಲಿ ಗುಮಾನಿರಾಯ ಅಡಗಿ ನಿಂತಿದ್ದ.

ಚೂಡಾಮಣಿಯಮ್ಮನವರು ಮೊಮ್ಮಗಳ ಕಡೆ ತಿರುಗಿ ಒಂದೇ ಮಾತು ಹೇಳಿದರು. "ಓಡೇ."

ಚೆಲುವಾಜಿ ಆವತ್ತು ಓಡಿದ ಓಟವನ್ನು ಯಾವ ಮೈದಾನವೂ ಕಂಡಿಲ್ಲ. ಅವಳ ಹಿಂದೆ ಅಜ್ಜಿ. ಸೆರಗು ಸೊಂಟಕ್ಕೆ, ಬಿ.ಎ. ತಲೆಗೆ. ಓಟ ಆ ಹುಡುಗಿಗೆ ಎಲ್ಲಿಂದ ಬಂತು ಅನ್ನುವುದು ಊರಿಗೆ ಆಗ ಗೊತ್ತಾಯಿತು.

ಈ ಕತೆಯ ನೀತಿ ಇಷ್ಟೆ: ಕೈ ಕೊಡಿ, ಮಾತು ಕೊಡಿ, ಆದರೆ ಮುದ್ದಯ್ಯನ ಬಾಯಿಗೆ ಹಿಟ್ಟು ಮೊದಲೇ ಕೊಡಿ. ಹೇಳಿದವರಿಗೆ ಒಂದು ಮುದ್ದೆ, ಕೇಳಿದವರಿಗೆ ಅರ್ಧ ಮುದ್ದೆ. ನಂಬದವರು ತಮ್ಮ ಕೈ ತಾವೇ ಎಣಿಸಿಕೊಳ್ಳಲಿ. ಎಣಿಸಿದ ಕೈ ಮಾತ್ರ ಮರೆಯಬಾರದು.